ಕೊಪ್ಪರಿಗೆ ಇಳಿಸುವವರೆಗೆ

ಮೇಸ್ತ್ರಿಯ ಬಲಗೈಯಲ್ಲಿ ಮೂರೇ ಬೆರಳು. ಉಳಿದೆರಡನ್ನು ಬೆಲ್ಲ ಕಾಯಿಸುವ ಆಲೆಮನೆಯ ಗಾಣ ತಿಂದಿತ್ತು. ಮಾತಿನ ನಡುವೆ ಆ ಕೈ ಎತ್ತಿದರೆ ಎದುರಿದ್ದವರು ಸುಮ್ಮನಾಗುತ್ತಿದ್ದರು.

ನಾಲೆಯ ನೀರು ಬಂದು ಎಲ್ಲರೂ ಕಬ್ಬು ಹಾಕಿದ ವರ್ಷಗಳವು. ಮದ್ದೂರಿನ ಆಚೆ ಶಿಂಷಾ ದಡದಲ್ಲಿ ಒಂದು ಸಣ್ಣ ಸಕ್ಕರೆ ಕಾರ್ಖಾನೆ ಇತ್ತು, ಈಗ ಅದಿಲ್ಲ. ಹತ್ತಿರದ ಕೊಪ್ಪದಿಂದ ಬಂದ ಅವರು ಅಲ್ಲಿ ಕಬ್ಬು ಅರೆಯುವ ಯಂತ್ರದ ಮೇಸ್ತ್ರಿ. ಗಂಟೆಗೆ ಎಷ್ಟು ಕಬ್ಬು ಅರೆಯಬಹುದೆಂದು ಅಂದಾಜು ಬರೆಯುವ ಕೆಲಸ ನನ್ನದು. ಅರೆದು ಕಾಯಿಸಿದ ರಸ ಒಂದು ದೊಡ್ಡ ತೊಟ್ಟಿಯಲ್ಲಿ ನಿಂತು, ಅಲ್ಲಿಂದ ಬೇಯಿಸುವ ಪಾತ್ರೆಗಳಿಗೆ ಹೋಗುತ್ತಿತ್ತು. ತೊಟ್ಟಿ ಅರ್ಧ ತುಂಬಿದರೆ ಸಾಕು, ಮೇಸ್ತ್ರಿ ಯಂತ್ರವನ್ನು ನಿಧಾನ ಮಾಡುತ್ತಿದ್ದರು. ತೊಟ್ಟಿ ಇರುವುದೇ ತುಂಬಲಿಕ್ಕೆ ಎಂದು ನಾನು ವಾದಿಸುತ್ತಿದ್ದೆ. ಒಮ್ಮೆ ತೊಟ್ಟಿಗೆ ಬಂದು ಹೋಗುವ ರಸದ ದಿನದ ಸರಾಸರಿಯನ್ನು ಬರೆದು ತೋರಿಸಿದಾಗ ನಕ್ಕರು.

“ಆಲೆಮನೇಲಿ ಕೊಪ್ಪರಿಗೆ ಇಳ್ಸೋಗಂಟ ಮತ್ತೆ ಗಾಣಕ್ಕೆ ಎತ್ತು ಕಟ್ಟಾಕಿಲ್ಲ ಬುದ್ಧಿ. ಉಕ್ಕೋ ರಸಕ್ಕೇನು ಗೊತ್ತು ಸರಾಸರಿ?”

ಒಂದು ವರ್ಷ ಕಬ್ಬಿನ ಗಾಡಿಗಳು ಸರದಿಗೆ ಕಾಯುತ್ತಾ ನಾಲ್ಕು ದಿನ ಬಿಸಿಲಲ್ಲೇ ಸಾಲಾಗಿ ನಿಂತವು. ನಾಲ್ಕನೆಯ ಮಧ್ಯಾಹ್ನ ಕಿರುಗಾವಲು ಊರಿನ ಗಾಡಿಯವರು ಗೇಟು ಮುರಿದು ಒಳನುಗ್ಗಿದರು. ಕೈಯಲ್ಲಿ ಗಾಡಿಯಿಂದ ಕಿತ್ತ ಗೂಟಗಳಿದ್ದವು.

“ಜೋರಾಗಿ ಬುಡ್ಲಾ ಮೇಸ್ತ್ರಿ. ಕಬ್ಬು ಸೌದೆಯಾಯ್ತಾ ಅದೆ,” ಎಂದ ಮುಂದಿದ್ದವನು.

“ಸೌದೆಯಾದ್ರೆ ಒಲೆಗಾದ್ರೂ ಆಯ್ತದೆ ಕಣ್ಲಾ. ಉಕ್ಕೋದ್ ರಸ ಯಾವ್ದಕ್ಕಾಯ್ತದೆ?”

ಗೂಟ ಅವರ ಹಣೆಗೆ ಬಿತ್ತು. ಎರಡನೆಯದು ಭುಜಕ್ಕೆ, ಮೂಳೆ ಮುರಿದ ಸದ್ದನ್ನು ನಾನು ಕೇಳಿದೆ. ಯಂತ್ರಕ್ಕೆ ಹಬೆ ಬಿಡುವ ಚಕ್ರವನ್ನು ಅವರು ಎಡಗೈಯಲ್ಲಿ ಹಿಡಿದೇ ಇದ್ದರು. ಮತ್ತೊಂದು ಏಟಿಗೆ ಕೈ ಜಾರಿತು. ಗೂಟಗಳು ನನ್ನತ್ತ ತಿರುಗಿದವು. ಜೋರಾಗಿ ಬಿಡಿ, ತೊಟ್ಟಿ ಎರಡು ಗಂಟೆ ತಡೆಯುತ್ತದೆ ಎಂದು ಯಂತ್ರ ನಡೆಸುವ ಆಳಿಗೆ ನಾನೇ ಹೇಳಿದೆ. ನನ್ನ ಲೆಕ್ಕ ಹಾಗಿತ್ತು.

ಅರ್ಧ ಗಂಟೆಯೊಳಗೆ ಬೇಯಿಸುವ ಪಾತ್ರೆಗಳ ಕೊಳವೆ ಕಟ್ಟಿಕೊಂಡು ಅವು ನಿಂತವು. ರಸ ಮುಂದೆ ಹೋಗದೆ ತೊಟ್ಟಿ ಉಕ್ಕತೊಡಗಿತು. ಅದರ ಕೆಳಗೆ ನೋಡುತ್ತಾ ನಿಂತಿದ್ದವರು ಅದೇ ಗಾಡಿಯವರು. ಮೇಸ್ತ್ರಿ ಹಣೆಯ ರಕ್ತ ಒರೆಸಿಕೊಳ್ಳದೆ ಒಂದೇ ಕೈಯಲ್ಲಿ ಏಣಿ ಹತ್ತಿದರು. ತೊಟ್ಟಿಗೆ ರಸ ಬರುವ ಕವಾಟ ಮುಚ್ಚುವಷ್ಟರಲ್ಲಿ ಕುದಿರಸ ಅವರ ಎದೆಯ ಮೇಲೆ ಹರಿದಿತ್ತು. ಕೆಳಗಿಳಿಸಿ ಅಂಗಿ ಬಿಚ್ಚಲು ಹೋದೆ. ಅದರ ಜೊತೆ ಚರ್ಮವೂ ಬಂತು.

ಆಸ್ಪತ್ರೆಯಲ್ಲಿ ಎರಡು ದಿನ ಬದುಕಿದ್ದರು. ನನ್ನನ್ನು ಹತ್ತಿರ ಕರೆದು, “ಲೆಕ್ಕ ಸರಿಯಾಗೇ ಇತ್ತು ಬುದ್ಧಿ. ಪಾತ್ರೆ ನಿಲ್ಲೋದ್ನ ಸೇರಿಸ್ನಿಲ್ಲ ನೀವು, ಅಷ್ಟೆ,” ಎಂದರು.

ವಿಚಾರಣೆಗೆ ಬಂದ ಅಧಿಕಾರಿ, ಯಂತ್ರ ಜೋರು ಮಾಡಿಸಿದವರು ಯಾರೆಂದು ಅವರನ್ನೇ ಕೇಳಿದರು. ನಾನು ಮಂಚದ ಪಕ್ಕದಲ್ಲೇ ಇದ್ದೆ.

“ನಾನೇಯಾ ಸ್ವಾಮಿ,” ಎಂದರು ಮೇಸ್ತ್ರಿ.

ಅಧಿಕಾರಿ ಅದನ್ನು ಬರೆದು ಕಾಗದವನ್ನು ನನ್ನ ಮುಂದೆ ಹಿಡಿದರು. ನಾನು ಸಾಕ್ಷಿಯೆಂದು ರುಜು ಹಾಕಿದೆ.