ಚರ್ಚಿನ ಬಾಗಿಲ ತಾವರೆ

ಸಿಟ್ಟು ಇನ್ನೂ ಇಳಿದಿಲ್ಲ. ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ, ಮೆಕ್ಕೆಜೋಳ ಒಣಹಾಕಿದ ಬಯಲಿನ ಪಕ್ಕ, ಹಳೆಯ ಪುಟ್ಟ ಚರ್ಚು ಕಂಡು ಬೈಕು ನಿಲ್ಲಿಸಿದೆ. ಇಂಗ್ಲೆಂಡಿನ ಪಾದ್ರಿಯೊಬ್ಬರು ಕಟ್ಟಿಸಿದ್ದಂತೆ. ಕಲ್ಲುಗಾರೆಯ ಗೋಡೆ, ಮೊನಚು ಕಮಾನಿನ ಬಾಗಿಲು. ಆದರೆ ಕಮಾನಿನ ನೆತ್ತಿಯಲ್ಲಿ ನಮ್ಮ ಗುಡಿಗಳಲ್ಲಿರುವಂಥ ತಾವರೆ!

ಕಸ ಗುಡಿಸುತ್ತಿದ್ದ ಮುದುಕಿ ಮಾರ್ತಮ್ಮ ನಕ್ಕಳು. "ನಮ್ಮ ಮುತ್ತಜ್ಜ ಕೆತ್ತಿದ್ದು ನೋಡ್ರಿ. ಪಾದ್ರಿ ಗುಲಾಬಿ ಕೆತ್ತು ಅಂದ್ರಂತ. ಅದನ್ನ ನಾ ಕಂಡಿಲ್ರಿ, ತಾವರಿ ಕಂಡೀನಿ ಅಂದನಂತ."

ಅಷ್ಟರಲ್ಲಿ ಚರ್ಚಿನ ದುರಸ್ತಿ ವಹಿಸಿಕೊಂಡ ಗುತ್ತಿಗೆದಾರ ಕಲ್ಲು ಕೊಯ್ಯುವ ಮಿಷನ್ ತಂದ. ಕಮಾನು ಒಡೆದು ಗ್ರಾನೈಟ್ ಚೌಕಟ್ಟು ಕೂರಿಸುತ್ತಾನಂತೆ.

"ಇಷ್ಟು ಚಂದದ ಕಲ್ಲು ಯಾಕೆ ಒಡೀತೀರಿ?" ಎಂದೆ.

"ಇಂಗ್ಲಿಷರ ಹಳೇ ಕಲ್ಲು ಬಿಡ್ರಿ. ಯಾರಿಗೆ ಬೇಕಾಗೈತಿ?"

"ಕೆತ್ತಿದವನ ಮರಿಮಗಳು ಇಲ್ಲೇ ನಿಂತಾಳ, ಕೇಳು!" ಎಂದು ಕೂಗಿದೆ.

ಅವನು ಅವಳತ್ತ ತಿರುಗಿಯೂ ನೋಡಲಿಲ್ಲ. ಮಿಷನ್ ಗುರ್ರೆಂದಿತು, ಬಾಗಿಲ ಕಂಬದಿಂದ ಚಕ್ಕೆ ಹಾರಿತು. ಮಾರ್ತಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳು. "ಕೊಯ್ಯಿ, ನನ್ನ ತಲಿ ಮ್ಯಾಲೇ ಬೀಳಲಿ."

ನಾನು ಮಿಷನ್ನಿನ ವಯರು ಕಿತ್ತೆಸೆದೆ. "ನಾಳೆ ಹೆಂಗ ತಡೀತೀರಿ ನೋಡ್ತೀನಿ" ಎಂದು ಬೈಯುತ್ತ ಅವನು ಹೋದ. ಮಾರ್ತಮ್ಮ ಎದ್ದಿಲ್ಲ. ಅವಳ ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ.