ಗೌಡರ ಸ್ಟೋರಿನಲ್ಲಿ ಘಾಟಿ ಹತ್ತಿದ ರೈಲು

ಭಾನುವಾರ ಏನು ಮಾಡುತ್ತೀರಿ ಎಂದು ಸಹೋದ್ಯೋಗಿಗಳು ಕೇಳಿದಾಗಲೆಲ್ಲ ನಾನು "ವಿದ್ಯುತ್ತಿಗೆ ಸಂಬಂಧಿಸಿದ ಒಂದು ಪ್ರಯೋಗವಿದೆ" ಎಂದು ಉತ್ತರಿಸುತ್ತೇನೆ. ಇದು ಸುಳ್ಳಲ್ಲ. ಆದರೆ ಆಲೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಬೋಧಿಸುವ, ಕನ್ನಡಕ ಧರಿಸುವ, ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಳ್ಳುವ ನಲವತ್ತೊಂದು ವರ್ಷದ ಮನುಷ್ಯನೊಬ್ಬ ಆ ಹೊತ್ತಿನಲ್ಲಿ ಗೇಣುದ್ದದ ರೈಲು ಇಂಜಿನ್ನುಗಳನ್ನು ಓಡಿಸುತ್ತಿರುತ್ತಾನೆ ಎಂಬುದು ಆ ವಾಕ್ಯದಿಂದ ಯಾರಿಗೂ ಹೊಳೆಯುವುದಿಲ್ಲ. ಹೊಳೆಯಬಾರದೆಂದೇ ಆ ವಾಕ್ಯವನ್ನು ಹಾಗೆ ರಚಿಸಿದ್ದೇನೆ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಮೊದಲಿಗನಾದವನಿಗೆ ಆಟವಾಡುವಾಗಲೂ ಯಾರೋ ಪರೀಕ್ಷೆ ನಡೆಸುತ್ತಿದ್ದಾರೆಂಬ ಅನುಮಾನ ಇದ್ದೇ ಇರುತ್ತದೆ.

ಆಟದ ಸ್ಥಳ ಆನೇಮಹಲಿನಲ್ಲಿರುವ ಮಂಜೇಗೌಡರ ಎಸ್ಟೇಟಿನ ಹಳೆಯ ಸ್ಟೋರ್. ಹೊಸ ಸ್ಟೋರ್ ಕಟ್ಟಿಸಿದ ಮೇಲೆ ಕಾಫಿ ಮೂಟೆಗಳು ಅಲ್ಲಿಗೆ ಹೋದವು; ಹಳೆಯದಕ್ಕೆ ರೈಲು ಬಂತು. ಗೌಡರಿಗೆ ಎಪ್ಪತ್ತು ಸಮೀಪಿಸಿದೆ. ಕಾಫಿಯ ವಿಷಯದಲ್ಲಿ ಅವರು ಬಹಳ ಗಂಭೀರ ಮನುಷ್ಯರು. ರೈಲಿನ ವಿಷಯದಲ್ಲಿ ಅದಕ್ಕಿಂತಲೂ ಗಂಭೀರ. ಸ್ಟೋರಿನ ಮೂರು ಗೋಡೆಗಳಿಗೆ ಆನಿಕೊಂಡು ಮೇಜುಗಳಿವೆ, ಮೇಜುಗಳ ಮೇಲೆ ಹಳಿಗಳಿವೆ. ಒಂದು ತುದಿಯಲ್ಲಿ ಸಕಲೇಶಪುರದ ನಿಲ್ದಾಣವಿದೆ. ಅಲ್ಲಿಂದ ಕೆಳಗಿಳಿಯುವ ಘಾಟಿಯನ್ನು ಎರಡು ವರ್ಷ ಕೂತು ನಿರ್ಮಿಸಿದವನು ನಾನು. ಗೋಣಿತಾಟು, ಹಳೆಯ ಪಂಚೆ, ಪ್ಲಾಸ್ಟರ್, ತೊಗಟೆ ಇವುಗಳಿಂದ ಬೆಟ್ಟವಾಯಿತು, ಸುರಂಗಗಳಾದವು, ಕಮರಿಯೂ ಅದರ ಮೇಲೊಂದು ಸೇತುವೆಯೂ ಆದವು, ನಿಜವಾದ ಘಾಟಿಯಲ್ಲಿರುವಂತೆಯೇ ಐವತ್ತು ಅಡಿಗೆ ಒಂದು ಅಡಿಯ ಏರು ಸಿದ್ಧವಾಯಿತು. ಮೂರನೆಯ ಸದಸ್ಯರು ಇಸ್ಮಾಯಿಲ್ ಭಾಯ್. ಪೇಟೆಯಲ್ಲಿ ರೇಡಿಯೋ, ಮಿಕ್ಸಿ, ಜೀಪಿನ ದೀಪ ಎಲ್ಲವನ್ನೂ ದುರಸ್ತಿ ಮಾಡುವವರು. ಕಾದ ಬೆಸುಗೆ ಕಡ್ಡಿ ಅವರ ಕೈಯಲ್ಲಿದ್ದರೆ ನನ್ನ ಕೈಯಲ್ಲಿ ಸೀಮೆಸುಣ್ಣ ಇದ್ದಷ್ಟೇ ಸಹಜವಾಗಿ ಕಾಣುತ್ತದೆ.

ಘಾಟಿಯ ನಿಜವಾದ ರೈಲುಗಳನ್ನು ನೋಡಿದವರಿಗೆ ಗೊತ್ತು: ತುಂಬಿದ ಗೂಡ್ಸ್ ಗಾಡಿಯನ್ನು ಮೇಲೆ ತರುವುದು ಮುಂದಿನ ಇಂಜಿನ್ನಿನಿಂದ ಮಾತ್ರ ಸಾಧ್ಯವಿಲ್ಲ. ಹಿಂದೆಯೂ ಇಂಜಿನ್ ಜೋಡಿಸಿ ತಳ್ಳಿಸುತ್ತಾರೆ. ಅದನ್ನು ಬ್ಯಾಂಕರ್ ಎನ್ನುತ್ತಾರೆ. ಬ್ಯಾಂಕರ್ ಇಲ್ಲದ ಘಾಟಿ ಘಾಟಿಯೇ ಅಲ್ಲ ಎಂಬುದು ಗೌಡರ ನಿಲುವು. ಆದ್ದರಿಂದ ನಮ್ಮ ಗಾಡಿಗೂ ಎರಡು ಇಂಜಿನ್ನುಗಳು. ಮುಂದಿನದು ಗೌಡರು ಹೊರದೇಶದಿಂದ ತರಿಸಿದ್ದು. ಹಿಂದಿನದು ನಾನೂ ಇಸ್ಮಾಯಿಲ್ ಭಾಯಿಯೂ ಬಿಡಿಭಾಗಗಳಿಂದ ಜೋಡಿಸಿದ್ದು. ಅದರೊಳಗಿನ ಡಿಕೋಡರ್ ಬೇರೆ ಕಂಪನಿಯದು.

ಡಿಕೋಡರ್ ಎಂದರೇನು ಎಂಬುದನ್ನು ಸರಿಯಾಗಿ ಹೇಳಿಬಿಡುವುದು ಒಳ್ಳೆಯದು. ಅದು ಇಂಜಿನ್ನಿನ ಹೊಟ್ಟೆಯಲ್ಲಿ ಕೂರುವ, ಉಗುರಿನಷ್ಟು ದೊಡ್ಡ ವಿದ್ಯುನ್ಮಂಡಲ. ಹಳಿಯಲ್ಲಿ ವಿದ್ಯುತ್ತಿನ ಜೊತೆಗೆ ಆಜ್ಞೆಗಳೂ ಹರಿಯುತ್ತಿರುತ್ತವೆ. ತರಗತಿಯಲ್ಲಿ ಹಾಜರಿ ಕೂಗಿದಾಗ ತನ್ನ ಸಂಖ್ಯೆ ಬಂದರೆ ಮಾತ್ರ ವಿದ್ಯಾರ್ಥಿ ತಲೆಯೆತ್ತುವಂತೆ, ಡಿಕೋಡರ್ ತನ್ನ ಸಂಖ್ಯೆಯ ಆಜ್ಞೆಯನ್ನು ಮಾತ್ರ ಪಾಲಿಸುತ್ತದೆ. ಎಷ್ಟು ಬೇಗ ಹೊರಡಬೇಕು, ಎಷ್ಟು ವೇಗದಲ್ಲಿ ಓಡಬೇಕು ಎಂಬುದನ್ನೆಲ್ಲ ಅದರೊಳಗೆ ಅಂಕಿಗಳಲ್ಲಿ ಬರೆದಿಡಬಹುದು. ಅಂಕಿಗಳು ಎಂದೊಡನೆ ನನಗೆ ಧೈರ್ಯ ಬಂದಿತು. ಮುಂದಿನ ಇಂಜಿನ್ನಿನ ಎಲ್ಲ ಅಂಕಿಗಳನ್ನೂ ಓದಿ, ಗೆರೆ ಎಳೆದ ಹಾಳೆಯಲ್ಲಿ ಎರಡು ಬಣ್ಣದ ಶಾಯಿಯಿಂದ ಬರೆದು, ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಗೋಡೆಗೆ ತೂಗುಹಾಕಿದೆ. ಅನಂತರ ಅವೇ ಅಂಕಿಗಳನ್ನು, ಒಂದೂ ತಪ್ಪದಂತೆ, ಹಿಂದಿನ ಇಂಜಿನ್ನಿಗೂ ಬರೆದೆ. ಅಂಕಿ ಒಂದೇ ಆದ ಮೇಲೆ ನಡಿಗೆಯೂ ಒಂದೇ ಆಗಬೇಕಲ್ಲವೇ?

ಆಗಲಿಲ್ಲ. ಒಂದು ಕಂಪನಿಯ ಐವತ್ತು ಇನ್ನೊಂದು ಕಂಪನಿಯ ಐವತ್ತಲ್ಲ. ಹಿಂದಿನದು ಮುಂದಿನದಕ್ಕಿಂತ ಮೊದಲೇ ಧಾವಿಸಿತು; ನಡುವಿನ ವ್ಯಾಗನ್ನುಗಳು ತಿರುವಿನಲ್ಲಿ ಇಕ್ಕಟ್ಟಿಗೆ ಸಿಕ್ಕಿ ಮೇಲೆದ್ದು, ನಾನೇ ನಿರ್ಮಿಸಿದ ಕಮರಿಗೆ ಒಂದೊಂದಾಗಿ ಬಿದ್ದವು. ಪುನಃ ಜೋಡಿಸಿದೆವು. ಪುನಃ ಬಿದ್ದವು. ಇಸ್ಮಾಯಿಲ್ ಭಾಯ್ ಗೋಡೆಯ ಕಡೆ ನೋಡಿ, "ಮೇಷ್ಟ್ರ ಚಾರ್ಟು ಭಾರಿ ಚೆನ್ನಾಗೈತೆ. ಇಂಜಿನ್ನಿಗೆ ಓದಕ್ಕೆ ಬರಲ್ಲ, ಅದೊಂದೇ ಕೊರತೆ" ಎಂದರು.

ಗೌಡರು ನಗಲಿಲ್ಲ. ರೈಲ್ವೆಯಿಂದ ನಿವೃತ್ತರಾದ ಐದಾರು ಜನರನ್ನು ಅವರು ಮುಂದಿನ ಭಾನುವಾರ ಆಹ್ವಾನಿಸಿದ್ದರು. ಆ ಪಟ್ಟಿಯಲ್ಲಿ ಘಾಟಿಯಲ್ಲೇ ಜೀವಮಾನ ಕಳೆದ ಚಾಲಕ ರಂಗಪ್ಪನವರಿದ್ದರು. ಘಾಟಿಯ ಹಳಿ ಕಾದ ಗ್ಯಾಂಗ್‌ಮನ್ ಆದ ನನ್ನ ತಂದೆಯೂ ಇದ್ದರು. "ನೋಡಿ ಮೇಷ್ಟ್ರೇ, ಅವ್ರು ಘಾಟಿ ಕಂಡೋರು. ಅವ್ರ ಮುಂದೆ ಹಿಂಗೆ ಉದುರಿಬುಟ್ರೆ ನಂಗೆ ಮುಖ ಎತ್ತಕ್ಕಾಗಲ್ಲ. ಭಾನುವಾರ ಹತ್ತಿದ್ರೆ ಸರಿ. ಹತ್ತಲಿಲ್ಲ ಅಂದ್ರೆ ಸೋಮವಾರ ಬೆಟ್ಟ ಕಿತ್ತು ಸಮತಟ್ಟು ಮಾಡಿಬಿಡಾಣ. ಸುಮ್ನೆ ಸುತ್ತು ಹೊಡ್ಕಂಡಿರ್ಲಿ." ಗೌಡರು ಕೆಲಸದವರಿಗೆ ಗಿಡ ಸವರಲು ಹೇಳುವ ಧ್ವನಿಯಲ್ಲೇ ಇದನ್ನು ಹೇಳಿದರು. ಆ ಧ್ವನಿಯಲ್ಲಿ ಹೇಳಿದ್ದನ್ನು ಅವರು ಮಾಡದೆ ಬಿಟ್ಟದ್ದನ್ನು ನಾನು ಕಂಡಿಲ್ಲ.

ಇಲ್ಲಿ ಎತ್ತುಗಳ ವಿಷಯ ಹೇಳದೆ ಮುಂದುವರಿಯಲಾರೆ. ಆಲೂರಿನ ಕಡೆಯ ಗದ್ದೆಗಳಲ್ಲಿ ಒಂದೇ ಬಲದ ಜೋಡಿ ಸಿಗದಿದ್ದಾಗ ರೈತರು ಉಳುಮೆ ನಿಲ್ಲಿಸುತ್ತಿರಲಿಲ್ಲ. ನೊಗಕ್ಕೆ ನೇಗಿಲನ್ನು ಬಿಗಿಯುವ ಜಾಗವನ್ನು ಬಲವಾದ ಎತ್ತಿನ ಕಡೆಗೆ ಒಂದೆರಡು ಬೆರಳು ಸರಿಸುತ್ತಿದ್ದರು. ಆಗ ಬಡ ಎತ್ತಿನ ಪಾಲಿಗೆ ನೊಗದ ಉದ್ದನೆಯ ತೋಳು ಬಂದು, ಭಾರ ಹಗುರಾಗುತ್ತಿತ್ತು. ಇದನ್ನೇ ನಾನು ಪ್ರತಿವರ್ಷ ಸನ್ನೆಕೋಲಿನ ನಿಯಮವೆಂದು ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಎತ್ತಿನ ಹೆಸರನ್ನು ಮಾತ್ರ ಎಂದೂ ಎತ್ತಿಲ್ಲ, ಪಠ್ಯದಲ್ಲಿಲ್ಲವಲ್ಲ ಎಂಬ ಸಂಕೋಚ. ಎತ್ತುಗಳಿಗೆ ಒಂದೇ ಅಂಕಿ ಬರೆಯಲು ಯಾವ ರೈತನೂ ಹೋಗಲಿಲ್ಲ. ಅವು ನಡೆಯುವುದನ್ನು ನೋಡಿ ನೊಗವನ್ನು ಸರಿಪಡಿಸಿದ.

ಹಾಗೆಯೇ ನಾವೂ ಆರಂಭಿಸಿದೆವು. ಕಾಲೇಜು ಮುಗಿಸಿ ಪ್ರತಿ ಸಂಜೆ ಬಸ್ಸಿನಲ್ಲಿ ಆನೇಮಹಲಿಗೆ ಬಂದು, ಎರಡು ಇಂಜಿನ್ನುಗಳನ್ನೂ ವ್ಯಾಗನ್ನಿಲ್ಲದೆ, ಒಂದರಿಂದ ಒಂದು ಮೊಳ ದೂರದಲ್ಲಿ, ಒಂದೇ ಸುತ್ತಿನ ಹಳಿಯ ಮೇಲೆ ಬಿಡುವುದು. ಮೊಳ ಕುಗ್ಗಿದರೆ ಹಿಂದಿನದು ಚುರುಕು, ಹಿಗ್ಗಿದರೆ ಮುಂದಿನದು ಚುರುಕು. ಚುರುಕಾದದ್ದನ್ನೇ ಪಳಗಿಸಬೇಕು, ಏಕೆಂದರೆ ನಿಧಾನವಾದದ್ದಕ್ಕೆ ಇಲ್ಲದ ವೇಗವನ್ನು ಕೊಡಲು ಬರುವುದಿಲ್ಲ. ತೆವಳುವ ವೇಗದಲ್ಲಿ ಒಮ್ಮೆ, ನಡಿಗೆಯ ವೇಗದಲ್ಲಿ ಒಮ್ಮೆ, ಓಟದಲ್ಲಿ ಒಮ್ಮೆ. ಹೊರಡಲು ಮುಂದಿನದು ತೆಗೆದುಕೊಳ್ಳುತ್ತಿದ್ದ ಸಾವಕಾಶವನ್ನು ಹಿಂದಿನದಕ್ಕೂ ಕಲಿಸಿದೆವು. ಶುಕ್ರವಾರ ಸಂಜೆಗೆ ಎರಡೂ ಹತ್ತು ಸುತ್ತು ಹಾಕಿದರೂ ನಡುವಿನ ಮೊಳ ಮೊಳವಾಗಿಯೇ ಉಳಿಯಿತು. ಗೋಡೆಯ ಚಾರ್ಟನ್ನು ನಾನೇ ಇಳಿಸಿದೆ. ಇಸ್ಮಾಯಿಲ್ ಭಾಯ್ ಅದರ ಮೇಲೆ ಬೆಸುಗೆ ಕಡ್ಡಿ ಇಟ್ಟುಕೊಂಡರು.

ಶನಿವಾರ ಮಧ್ಯಾಹ್ನ ವ್ಯಾಗನ್ನುಗಳಿಗೆ ಕಾಫಿ ಬೀಜ ತುಂಬಿ ಘಾಟಿಗೆ ಬಿಟ್ಟೆವು. ಎರಡನೆಯ ಸುರಂಗ ದಾಟಿ ತಿರುವಿಗೆ ಬಂದಾಗ ಮತ್ತೆ ಬಿದ್ದವು.

ಅಂದು ತಂದೆಯವರನ್ನೂ ಜೊತೆಗೆ ಕರೆತಂದಿದ್ದೆ. ಪರರ ಎದುರು ಬೀಳುವ ಮೊದಲು ಸ್ವಂತದವರ ಎದುರು ಬಿದ್ದು ಅಭ್ಯಾಸವಾಗಲಿ ಎಂಬ ಲೆಕ್ಕಾಚಾರ ಅದರಲ್ಲಿದ್ದಿರಬಹುದು. ಅವರು ಕೈ ಹಿಂದೆ ಕಟ್ಟಿಕೊಂಡು, ಬಗ್ಗಿ, ನಮ್ಮ ಹಳಿಯ ಜೋಡಣೆಗಳನ್ನೆಲ್ಲ ಒಂದೊಂದಾಗಿ ನೋಡಿ ಮುಗಿಸಿದ್ದರು. ಗಾಡಿ ಮತ್ತೊಮ್ಮೆ ಹತ್ತತೊಡಗಿದಾಗ ಹಿಂದಿನ ಇಂಜಿನ್ನನ್ನೇ ದಿಟ್ಟಿಸಿದರು.

"ಹಿಂದ್ಲದು ಯಾಕ್ಲಾ ಹಂಗೆ ಹಟ ಮಾಡ್ತೈತೆ?"

"ಎರಡಕ್ಕೂ ಒಂದೇ ವೇಗ ಕೊಟ್ಟಿದ್ದೇನಪ್ಪ," ಎಂದೆ. ತಂದೆಯವರ ಬಳಿಯೂ ನಾನು ಪುಸ್ತಕದ ಕನ್ನಡವನ್ನೇ ಆಡುತ್ತೇನೆ. ಅವರು ಅದನ್ನು ಕ್ಷಮಿಸಿದ್ದಾರೆ.

"ಹಿಂದ್ಲೋನಿಗೆ ವೇಗ ಯಾಕೆ ಕೊಟ್ಟೆ? ಅವ್ನಿಗೇನು ದಾರಿ ಕಾಣ್ತೈತಾ? ಓಡ್ಸೋನು ಮುಂದ್ಲೋನು. ಹಿಂದ್ಲೋನು ತಳ್ತಾನೆ, ಅಷ್ಟೇಯ. ಮುಂದ್ಲೋನು ನಿಧಾನ ಮಾಡಿದ್ರೆ ಇವ್ನು ಬಗ್ಗಬೇಕು. ಇಬ್ರೂ ಯಜಮಾನ್ರಾದ್ರೆ ನಡುವೆ ಇರೋವು ಸಾಯ್ತವೆ ಕಣೋ."

ಇಸ್ಮಾಯಿಲ್ ಭಾಯ್ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಡಿಕೋಡರಿಗೆ ಒಂದು ಗುಣವಿದೆ. ಏರು ಬರಲಿ, ತಿರುವು ಬರಲಿ, ಭಾರ ಹೆಚ್ಚಲಿ, ಹೇಳಿದ ವೇಗವನ್ನು ಪಟ್ಟುಬಿಡದೆ ಹಿಡಿದುಕೊಳ್ಳುತ್ತದೆ. ಒಂಟಿ ಇಂಜಿನ್ನಿಗೆ ಅದು ಸದ್ಗುಣ. ನಮ್ಮ ಎರಡು ಇಂಜಿನ್ನುಗಳಲ್ಲೂ ಆ ಸದ್ಗುಣ ಪೂರ್ತಿಯಾಗಿತ್ತು. ತಿರುವಿನಲ್ಲಿ ಮುಂದಿನದು ಕೂದಲೆಳೆಯಷ್ಟು ತಡೆದರೂ ಹಿಂದಿನದು ತನ್ನ ಪಟ್ಟು ಬಿಡದೆ ನೂಕುತ್ತಿತ್ತು. ಆ ಗುಣವನ್ನು ತೆಗೆದುಹಾಕಲು ಒಂದೇ ಒಂದು ಅಂಕಿ ಸಾಕು. ಹಿಂದಿನ ಇಂಜಿನ್ನಿನಲ್ಲಿ ಅಲ್ಲಿ ಸೊನ್ನೆ ಬರೆದೆ. ಪಟ್ಟು ಸಡಿಲಿದ ಮೇಲೆ ಏರಿನಲ್ಲಿ ಅದು ಸೋಲಬಾರದೆಂದು ಶಕ್ತಿಯನ್ನು ಮಾತ್ರ ಸ್ವಲ್ಪ ಏರಿಸಿದೆ. ಸಂಜೆಯ ಕಾಫಿಗೆ ಮೊದಲು ಗಾಡಿ ಮೂರು ಸಲ ಹತ್ತಿತು. ತಂದೆಯವರು "ಈಗ ಸರಿ ಹೋಯ್ತು" ಎಂದಷ್ಟೇ ಹೇಳಿ, ಮನೆಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದರು.

ಭಾನುವಾರ ಹನ್ನೊಂದಕ್ಕೆ ಎಲ್ಲರೂ ಬಂದರು. ಬೆಂಚುಗಳ ಮೇಲೆ ಕೂತು, ಗೌಡರ ಮನೆಯ ಕಡುಬು ತಿಂದು, ಕೈತೊಳೆದು, ಘಾಟಿಯ ಸುತ್ತ ನಿಂತರು. ನಾನು ಗಾಡಿ ಹೊರಡಿಸಿದೆ. ಹನ್ನೆರಡು ವ್ಯಾಗನ್ನು, ಮುಂದೊಂದು, ಹಿಂದೊಂದು. ಮೊದಲನೆಯ ಸುರಂಗ ನುಂಗಿತು, ಉಗುಳಿತು. ಎರಡನೆಯದೂ ಹಾಗೆಯೇ. ತಿರುವು ಬಂತು, ಎಲ್ಲ ವ್ಯಾಗನ್ನುಗಳೂ ಹಳಿಯ ಮೇಲೆಯೇ ಇದ್ದವು. ಆಗ ಚಾಲಕ ರಂಗಪ್ಪನವರು ಕೈ ಎತ್ತಿದರು.

"ನಿಲ್ಸಿ ಅಲ್ಲೇ. ಓಡ್ತಿರೋ ಗಾಡಿನ ಯಾರು ಬೇಕಾದ್ರೂ ಹತ್ತಿಸ್ತಾರೆ. ಏರಲ್ಲಿ ನಿಲ್ಸಿ ಮತ್ತೆ ಎತ್ತಿ ನೋಡಾಣ."

ಇದನ್ನು ನಾವು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ನಿಲ್ಲಿಸಿದೆ. ಗಾಡಿ ಕಮರಿಯ ಅಂಚಿನ ತಿರುವಿನಲ್ಲಿ, ಸೇತುವೆಯ ಮೇಲೆ ಅರ್ಧ, ಆಚೆ ಅರ್ಧವಾಗಿ ನಿಂತಿತು. ಗೌಡರು ನನ್ನನ್ನು ನೋಡಲಿಲ್ಲ, ಬೆಟ್ಟವನ್ನು ನೋಡುತ್ತಿದ್ದರು. ನಾನು ವೇಗದ ಗುಂಡಿಯನ್ನು ಅತಿ ನಿಧಾನವಾಗಿ ತಿರುಗಿಸಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಅನಂತರ ಹಿಂದಿನಿಂದ ಮುಂದಿನವರೆಗೆ ಕೊಂಡಿಗಳು ಟಿಕ್ ಟಿಕ್ ಎಂದು ಒಂದೊಂದಾಗಿ ಕೂಡಿಕೊಂಡವು, ಮುಂದಿನದು ಎಳೆಯಿತು, ಹಿಂದಿನದು ತಳ್ಳಿತು, ಹನ್ನೆರಡು ವ್ಯಾಗನ್ನುಗಳೂ ಒಂದೇ ಜೀವದಂತೆ ಮೇಲಕ್ಕೆ ಸರಿದವು. ಸಕಲೇಶಪುರದ ನಿಲ್ದಾಣವನ್ನು ಮುಟ್ಟಿಯೇ ನಿಂತವು.

"ಎರಡು ಇಂಜಿನ್ನೂ ಬೇರೆ ಬೇರೆ ಕಂಪನಿದಾ?" ಎಂದು ರಂಗಪ್ಪನವರು ಕೇಳಿದರು. ಹೌದೆಂದೆ. "ಗೊತ್ತೇ ಆಗಲಿಲ್ಲ ನೋಡಿ," ಎಂದರು. ಕಾಲೇಜಿನ ಪದಕವನ್ನು ಕೊರಳಿಗೆ ಹಾಕಿಸಿಕೊಂಡ ದಿನವೂ ನನ್ನ ಬೆನ್ನು ಅಷ್ಟು ನೆಟ್ಟಗಾಗಿರಲಿಲ್ಲ. ತಂದೆಯವರು ಪಕ್ಕದವರೊಡನೆ ಹಳಿಯ ಜೋಡಣೆಗಳ ಲೋಪಗಳನ್ನು ಚರ್ಚಿಸುತ್ತಿದ್ದರು, ಬಹಳ ಅಭಿಮಾನದಿಂದ.

ಬಂದವರೆಲ್ಲ ಹೊರಟ ಮೇಲೆ ಗೌಡರು ಬೆಟ್ಟದ ತಲೆಯನ್ನು ಅಂಗೈಯಿಂದ ಸವರಿ, ನಾಲ್ಕನೆಯ ಗೋಡೆಯ ಕಡೆ ಕೈ ತೋರಿಸಿದರು. ಬೆಟ್ಟ ಕೀಳುವ ಮಾತನ್ನು ಅವರಾಗಲಿ ನಾವಾಗಲಿ ಎತ್ತಲಿಲ್ಲ. "ಅಲ್ಲೂ ಒಂದು ಏರು ಮಾಡಿಬಿಡಾಣ ಮೇಷ್ಟ್ರೇ. ಹಿಂದ್ಗಡೆ ಎರಡು ಬ್ಯಾಂಕರ್ ಹಾಕಾಣ. ಇನ್ನೊಂದು ಇಂಜಿನ್ನಿಗೆ ಹೇಳಿದೀನಿ. ಅದು ಮೂರನೇ ಕಂಪನಿದು. ಅದರ ಡಿಕೋಡರು ಹೆಂಗೋ ಏನೋ."

"ಮಾರಾಯ, ಮತ್ತೆ ಸುರುವಾಯ್ತು," ಎಂದು ಇಸ್ಮಾಯಿಲ್ ಭಾಯ್ ಬೆಸುಗೆ ಕಡ್ಡಿಯ ವೈರನ್ನು ಸುತ್ತಿಟ್ಟರು.

"ನನಗೆ ಗೊತ್ತಿಲ್ಲ, ಗೌಡರೇ," ಎಂದೆ. "ಬರಲಿ. ಮೊದಲು ಒಂಟಿಯಾಗಿ ಓಡಿಸಿ, ಅದರ ನಡಿಗೆ ಹೇಗಿದೆ ನೋಡೋಣ."

ಹೆದ್ದಾರಿಗೆ ಬಂದು ಆಲೂರಿನ ಬಸ್ಸು ಹತ್ತಿದ ಮೇಲೆ ಆ ಮಾತು ನನಗೇ ಆಶ್ಚರ್ಯವೆನಿಸಿತು. ಪದವಿ ಬಂದಂದಿನಿಂದ ಇಂದಿನವರೆಗೆ "ನನಗೆ ಗೊತ್ತಿಲ್ಲ" ಎಂಬ ವಾಕ್ಯವನ್ನು ಇಷ್ಟು ಸಂತೋಷದಿಂದ ನಾನು ಯಾರೆದುರೂ ಆಡಿರಲಿಲ್ಲ.