ಚಂದ್ರಕಾಳಿ ಸೀರೆಗೆ ಎಳೆದ ಗೆರೆ

ಮದುವೆಯಾಗಿ ಬನಹಟ್ಟಿಗೆ ಬಂದ ಮೊದಲ ಬೇಸಿಗೆಯಲ್ಲೇ ಪಕ್ಕದ ಮನೆಯಾಕೆ ನನಗೆ ಕೌದಿ ಹೊಲಿಯುವುದನ್ನು ಕಲಿಸಿದಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಗೆರೆ ಎಳೆದು, ಎದುರುಬದುರು ಕೂತು ಹೊಲಿಯುತ್ತಿದ್ದೆವು. ತಿಳಿ ಬಟ್ಟೆಗೆ ದರ್ಜಿಯ ನೀಲಿ ಚಾಕ್‌ಪೀಸು, ಕರಿ ಬಟ್ಟೆಗೆ ಸವೆದು ತೆಳ್ಳಗಾದ ಸಾಬೂನಿನ ಚೂರು. ಅವಳ ಸಾಮಾನು ಅಷ್ಟೇ. ನನ್ನ ಕೈಯಳತೆ ತಪ್ಪಿ ಗೆರೆ ಸೊಟ್ಟಾದರೆ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಎಳೆಯುತ್ತಿದ್ದಳು.

ಊರಲ್ಲಿ ಮಗ್ಗದ ಕೆಲಸ ಕಡಿಮೆಯಾದ ಮೇಲೆ ಅವರ ಮನೆಯವರೆಲ್ಲ ಮಗ್ಗದ ಕೆಲಸಕ್ಕೆಂದೇ ಮಹಾರಾಷ್ಟ್ರದ ಇಚಲಕರಂಜಿಗೆ ಹೋದರು. ಆಮೇಲೆ ನಾನು ಕೌದಿ ಹೊಲಿಯಲೇ ಇಲ್ಲ.

ಹೋದ ವರ್ಷ ಅತ್ತೆ ತೀರಿಕೊಂಡರು. ಅವರ ಕರಿ ಚಂದ್ರಕಾಳಿ ಸೀರೆಯನ್ನು ಮಡಚಿಡಲು ಮನಸ್ಸಾಗದೆ ಕೌದಿ ಮಾಡಬೇಕೆಂದುಕೊಂಡೆ. ಜಮಖಂಡಿಯ ಅಂಗಡಿಯವನು ಬಟ್ಟೆಗೆ ಗೆರೆ ಎಳೆಯುವ ಬಿಳಿ ಪೆನ್ನೊಂದನ್ನು ತೋರಿಸಿದ. "ಹೊಲಿದಾದ ಮ್ಯಾಲ ಇಸ್ತ್ರಿ ತಿರುವಿದ್ರ ಗೆರಿ ಮಾಯ ಆಗ್ತೈತ್ರೀ" ಎಂದ. ಮಧ್ಯಾಹ್ನವೆಲ್ಲ ಕೂತು ಸೀರೆ ತುಂಬ ಗೆರೆ ಎಳೆದೆ. ಅಲ್ಲಲ್ಲಿ ಸುಕ್ಕು ಕಂಡಿತು. ಅದನ್ನು ತೆಗೆಯೋಣವೆಂದು, ಅವನು ಹೇಳಿದ್ದು ಮರೆತು, ಸೀರೆಯುದ್ದಕ್ಕೂ ಇಸ್ತ್ರಿ ತಿರುವಿದೆ. ಇಸ್ತ್ರಿ ಎತ್ತಿ ನೋಡುವುದರೊಳಗೆ ಗೆರೆಗಳೆಲ್ಲ ಹೋಗಿ ಬರೀ ಕರಿ ಸೀರೆ ಉಳಿದಿತ್ತು.

ಒಬ್ಬಳೇ ನಕ್ಕೆ. ನಗುತ್ತಲೇ ಪಕ್ಕದ ಗೋಡೆಯ ಕಡೆ ತಿರುಗಿ "ಅಕ್ಕಾ" ಎಂದುಬಿಟ್ಟೆ. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ನಗು ನಿಂತಿತು. ಅಕ್ಕನಿಗೆ ಫೋನ್ ಹಚ್ಚಿದೆ.

"ಮೊದಲ ಸಣ್ಣ ತುಣುಕಿನ ಮ್ಯಾಲ ಹಚ್ಚಿ ನೋಡಬೇಕಿತ್ತಿಲ್ಲೋ?" ಅಂದಳು, ಎಲ್ಲ ಕೇಳಿಸಿಕೊಂಡು. "ಸಾಬಾನ ತಗೋ. ಎಲ್ಲಾ ಒಮ್ಮಿಗೆ ಹಾಕಬ್ಯಾಡ, ಕೈ ತಾಗಿ ಹೋಗ್ತಾವು. ಎರಡು ಗೆರಿ ಹಾಕು, ಹೊಲಿ, ಮತ್ತ ಹಾಕು."

"ನೀ ಹೊಲಿಯಾಕತ್ತಿ ಏನ ಅಲ್ಲಿ?"

"ಇಲ್ಲಿ ಯಾರ ಜೋಡಿ ಕುಂತು ಹೊಲೀಲಿ?"

ಅವಳ ಕಡೆಯಿಂದ ಮಗ್ಗದ ಸಪ್ಪಳ ಕೇಳುತ್ತಿತ್ತು.

ಅವಳು ಹೇಳಿದಂತೆಯೇ ಎರಡೆರಡು ಗೆರೆ ಎಳೆದು ಹೊಲಿಯುತ್ತ ಬಂದೆ. ಈಗ ಕೆಲವು ಮಧ್ಯಾಹ್ನ ಅವಳೇ ಫೋನ್ ಮಾಡಿ, ಎಲ್ಲಿಗೆ ಬಂತು ಎಂದು ಕೇಳುತ್ತಾಳೆ. ಮೊನ್ನೆ, "ಒಮ್ಮಿ ಬರ್ತೇನಿ" ಎಂದಳು. ಯಾವಾಗ ಎನ್ನಲಿಲ್ಲ. ಕೇಳಲು ನನಗೂ ಧೈರ್ಯವಾಗಲಿಲ್ಲ.